ಉಷ್ಣಮಾಪಕಕ್ಕೆ ತಂಪು ಮನೆ, ಕೂಲಿಕಾರನಿಗೆ ಪತ್ರಾಸಿನ ಒಲೆ

ಬೇಸಿಗೆ ಬಂದಿತೆಂದರೆ ಸರಕಾರಕ್ಕೆ ನಮ್ಮ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟುತ್ತದೆ. ರಾಯಚೂರು, ಕಲಬುರಗಿ, ಯಾದಗಿರಿ, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರಕಟಣೆಗಳ ಸುರಿಮಳೆಯಾಗುತ್ತದೆ. ಮಧ್ಯಾಹ್ನ 12ರಿಂದ 3 ಗಂಟೆಯ ತನಕ ಮನೆ ಬಿಟ್ಟು ಹೊರಗೆ ಬರಬೇಡಿರಿ, ತಂಪಾದ ಜಾಗದಲ್ಲಿ ಇರಿರಿ, ನೀರು ಹೆಚ್ಚು ಕುಡಿಯಿರಿ, ಹತ್ತಿಯ ಬಟ್ಟೆ ತೊಡಿರಿ. ಇದಿಷ್ಟನ್ನು ಅಚ್ಚು ಹಾಕಿಸಿ ಹಂಚಿದರೆ ತಮ್ಮ ಕರ್ತವ್ಯ ಮುಗಿಯಿತೆಂದು ಅಧಿಕಾರಿಗಳು ಕೈ ತೊಳೆದುಕೊಳ್ಳುತ್ತಾರೆ.

ಈ ಬುದ್ಧಿಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಬರೆದ ಮಹಾಶಯರು ಒಂದು ಸಂಗತಿಯನ್ನು ಪ್ರಶ್ನೆಯೇ ಇಲ್ಲದಂತೆ ಒಪ್ಪಿಕೊಂಡಿದ್ದಾರೆ. ಹೊರಗೆ ಬಿಸಿಲು, ಒಳಗೆ ತಂಪು, ಮನೆಯೆಂದರೆ ನೆರಳು, ಇದು ಅವರ ತಿಳಿವಳಿಕೆ. ಇದು ಯಾರ ಮನೆಯ ಮಾತು? ನಮ್ಮ ಊರುಗಳ ಅಂಚಿನಲ್ಲಿ, ಕೇರಿಗಳಲ್ಲಿ, ಹೊಸ ಬಡಾವಣೆಗಳ 20–30 ಅಡಿಯ ಸೈಟುಗಳಲ್ಲಿ ನಿಂತಿರುವ ಪತ್ರಾಸಿನ ಮನೆಯೊಳಗೆ ಮಧ್ಯಾಹ್ನ 2 ಗಂಟೆಗೆ ಈ ಪ್ರಕಟಣೆ ಬರೆದವರು ಅರ್ಧ ತಾಸು ಕುಳಿತು ನೋಡಲಿ. ಆ ಮನೆಯ ಒಳಗಿಗಿಂತ ಊರ ಹೊರಗಿನ ಬೇವಿನ ಮರದ ಬುಡವೇ ತಂಪು. ಆದ್ದರಿಂದಲೇ ಮುದುಕರು, ಮಕ್ಕಳು, ನಾಯಿಗಳು, ಆಡುಗಳು ಎಲ್ಲರೂ ಆ ಹೊತ್ತಿಗೆ ಮರದಡಿಗೆ ಓಡುತ್ತಾರೆ. ಮನೆಯಲ್ಲಿರಿ ಎಂದು ಅವರಿಗೆ ಹೇಳುವುದು ಕುದಿಯುವ ಗಡಿಗೆಯೊಳಗೆ ಕುಳಿತು ಮುಚ್ಚಳ ಹಾಕಿಕೊಳ್ಳಿರಿ ಎಂದು ಹೇಳಿದಂತೆ.

ಮನೆ ತಂಪಾಗಿರುವುದು ದೈವದ ಮಾತಲ್ಲ, ಮನೆಯವರ ಜಾಣತನದ ಮಾತೂ ಅಷ್ಟಾಗಿ ಅಲ್ಲ. ಅದು ಸೂರಿನ ಮಾತು. ಬಡವನ ಸೂರು ಯಾವುದಾಗಿರಬೇಕೆಂದು ಇಂದು ತೀರ್ಮಾನ ಮಾಡುವುದು ಅವನಲ್ಲ, ಸರಕಾರದ ಕಡತ. ಹೀಗಾಗಿ ಈ ಸೆಕೆಗೆ ಯಾರು ಹೊಣೆ ಎಂದು ಕೇಳುವ ಹಕ್ಕು ನಮಗಿದೆ.

ಬಿಸಿ ಬರುವ ದಾರಿ

ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ. ರಾಯಚೂರು 16 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ಮಧ್ಯಾಹ್ನಕ್ಕೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಆ ಹೊತ್ತಿಗೆ ಅದರ ನೆರಳು ಕಾಣುವುದಿಲ್ಲ. ಹೀಗೆ ನೆತ್ತಿಯ ಮೇಲಿಂದ ಬೀಳುವ ಬಿಸಿಲನ್ನು ಗೋಡೆ ಹೆಚ್ಚಾಗಿ ತಿನ್ನುವುದಿಲ್ಲ, ಮಾಳಿಗೆ ತಿನ್ನುತ್ತದೆ. ಮುಂಜಾನೆ ಪೂರ್ವದ ಗೋಡೆಗೂ ಸಂಜೆ ಪಶ್ಚಿಮದ ಗೋಡೆಗೂ ಒಂದಿಷ್ಟು ಪಾಲು ಬೀಳುತ್ತದೆ. ದಕ್ಷಿಣದ ಗೋಡೆಗೆ ಆ ದಿನಗಳಲ್ಲಿ ಬಿಸಿಲಿನ ಬಾಧೆ ಅಷ್ಟಿಲ್ಲ. ಆದ್ದರಿಂದ ನಮ್ಮ ಸೀಮೆಯಲ್ಲಿ ಮನೆ ತಂಪಾಗಿಡುವುದೆಂದರೆ ಮೊದಲು ಸೂರನ್ನು ಕಾಯುವುದು, ಆಮೇಲೆ ಪಶ್ಚಿಮದ ಗೋಡೆಯನ್ನು ಕಾಯುವುದು.

ನೆರಳಿಲ್ಲದ ಕಾಂಕ್ರೀಟು ಮಾಳಿಗೆ ಅಥವಾ ತಗಡು ಬೇಸಿಗೆಯ ಮಧ್ಯಾಹ್ನ 60 ಡಿಗ್ರಿ ದಾಟಿ ಕಾಯುತ್ತದೆ. ತಗಡಿಗೆ ದಪ್ಪವೇ ಇಲ್ಲ. ಮೇಲೆ ಕಾದ ಬಿಸಿ ಕೆಲವೇ ನಿಮಿಷಗಳಲ್ಲಿ ಕೆಳಗೆ ಮಲಗಿದ ಕೂಸಿನ ಮೈಮೇಲೆ ಇಳಿಯುತ್ತದೆ. ನಾಲ್ಕು ಇಂಚಿನ ಕಾಂಕ್ರೀಟು ಮೂರು ನಾಲ್ಕು ತಾಸು ತಡೆಯುತ್ತದೆ, ಆಮೇಲೆ ಹಗಲೆಲ್ಲಾ ಕುಡಿದ ಬಿಸಿಯನ್ನು ಸಂಜೆಯಿಂದ ನಡುರಾತ್ರಿಯವರೆಗೆ ಒಳಗೆ ಕಾರುತ್ತದೆ. ದುಡಿದು ಬಂದವನು ಮಲಗಬೇಕೆನ್ನುವ ಹೊತ್ತಿಗೇ ಮನೆ ಕಾದು ನಿಂತಿರುತ್ತದೆ. ಮನುಷ್ಯನ ಮೈಬಿಸಿ 37 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಮೈ ತಂಪಾಗಲು ಬೆವರೊಂದೇ ದಾರಿ. ಹಗಲು ಬೆವರಿ ಬಳಲಿದ ದೇಹಕ್ಕೆ ರಾತ್ರಿಯಾದರೂ ವಿಶ್ರಾಂತಿ ಬೇಕು. ಆ ರಾತ್ರಿಯನ್ನೇ ಈ ಸೂರು ಕದಿಯುತ್ತದೆ. ಮೈಯ ಒಳಬಿಸಿ 40 ಡಿಗ್ರಿ ದಾಟಿತೆಂದರೆ ಅದು ಉಷ್ಣಾಘಾತ. ಅದು ಪ್ರಾಣಕ್ಕೆ ಸಂಚಕಾರ.

ಸರಕಾರ ಕಟ್ಟಿದ ಒಂದು ಒಳ್ಳೆಯ ಮನೆ

ಸರಕಾರಕ್ಕೆ ಇದೆಲ್ಲಾ ತಿಳಿಯದೆಂದು ಯಾರೂ ಭಾವಿಸಬಾರದು. ತಂಪು ಮನೆ ಹೇಗೆ ಕಟ್ಟಬೇಕೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಹವಾಮಾನ ವೀಕ್ಷಣಾಲಯಕ್ಕೆ ಹೋಗಿ ನೋಡಿರಿ. ಉಷ್ಣಮಾಪಕವನ್ನು ಇಡಲು ಅಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತದೆ. ಅದರ ಹೆಸರು ಸ್ಟೀವನ್‌ಸನ್ ಪೆಟ್ಟಿಗೆ. 1864ರಲ್ಲಿ ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರು ಅದನ್ನು ರಚಿಸಿದ. ಪೆಟ್ಟಿಗೆಯ ಹೊರಮೈಗೆ ಬಿಳಿ ಬಣ್ಣ, ಬಿಸಿಲು ಹಿಂದಕ್ಕೆ ಹೋಗಲೆಂದು. ಗೋಡೆಗಳಿಗೆ ಓರೆಯಾದ ಜಾಲರಿ ಪಟ್ಟಿಗಳು, ಬಿಸಿಲು ಬಾರದೆ ಗಾಳಿ ಮಾತ್ರ ಆಡಲೆಂದು. ಸೂರು ಎರಡು ಪದರ, ನಡುವೆ ಗಾಳಿಗೆ ಜಾಗ, ಮೇಲಿನ ಬಿಸಿ ಕೆಳಗಿಳಿಯದಿರಲೆಂದು. ನೆಲದ ಕಾವು ತಟ್ಟದಂತೆ ನಾಲ್ಕು ಕಾಲುಗಳ ಮೇಲೆ ಎತ್ತರಿಸಿ ನಿಲ್ಲಿಸಿದ್ದಾರೆ.

ಒಂದು ಗಾಜಿನ ನಳಿಗೆಗೆ, ಅದರೊಳಗಿನ ಪಾದರಸಕ್ಕೆ ಇಷ್ಟೊಂದು ಉಪಚಾರ! ನಮ್ಮ ವೃತ್ತಪತ್ರಿಕೆಗಳಲ್ಲಿ ಬರುವ 42, 43 ಡಿಗ್ರಿ ಎಂಬ ಅಂಕಿ ಇಂಥ ನೆರಳಿನಲ್ಲಿ ಅಳೆದದ್ದು. ಪತ್ರಾಸಿನ ಕೆಳಗೆ ಎಷ್ಟಿದೆಯೆಂದು ದಿನದಿನವೂ ಅಳೆದು ಪ್ರಕಟಿಸುವ ಏರ್ಪಾಡು ಮಾತ್ರ ಇಲ್ಲ. ನಾವು ಉಷ್ಣಮಾಪಕದ ಮೇಲೆ ಹೊಟ್ಟೆಕಿಚ್ಚು ಪಡುವವರಲ್ಲ. ಅದಕ್ಕೆ ಕೊಟ್ಟ ಬಿಳಿ ಸೂರು, ಗಾಳಿ, ಎರಡು ಪದರದ ಮಾಳಿಗೆಯನ್ನು ಬೆವರು ಸುರಿಸುವ ಮನುಷ್ಯನಿಗೂ ಕೊಡಿರಿ ಎನ್ನುತ್ತೇವೆ.

ಇನ್ನೊಂದು ಉದಾಹರಣೆ. 1948ರ ಕಾರ್ಖಾನೆ ಕಾಯಿದೆ ಮಾಡಿದವರು ಅದರ 13ನೇ ಕಲಮಿನಲ್ಲಿ ಕಾರ್ಖಾನೆಯ ಗೋಡೆಯೂ ಸೂರೂ ಒಳಗಿನ ಬಿಸಿ ಆದಷ್ಟು ಕಡಿಮೆ ಇರುವಂಥ ಸಾಮಗ್ರಿಯಿಂದ, ಅಂಥ ರಚನೆಯಿಂದ ಇರಬೇಕೆಂದು ಬರೆದರು. ದುಡಿಯುವ ಎಂಟು ತಾಸಿಗೆ ಸೂರಿನ ನಿಯಮ ಬರೆಯಲು ಬಂದಿತು. ಅದೇ ಕೆಲಸಗಾರ ಮನೆಗೆ ಹೋಗಿ ಮಲಗುವ ಎಂಟು ತಾಸಿಗೆ ಅಂಥ ಕಲಮು ಬರೆಯುವ ಲೇಖನಿ ಇನ್ನೂ ಸಿಕ್ಕಿಲ್ಲ.

ಪಕ್ಕಾ ಯಾವುದು, ಕಚ್ಚಾ ಯಾವುದು?

ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ನೋಡದವರಿಲ್ಲ. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಬೇವಿನ ತಪ್ಪಲು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಸವಳು ಮಣ್ಣಿನ ಹೊದಿಕೆ. ನಡುಮನೆಯಲ್ಲಿ ಬೆಳಕಿಂಡಿ, ಅದರ ಮೂಲಕ ಒಳಗಿನ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಹಗಲಿನ ಬಿಸಿ ಅಷ್ಟು ದಪ್ಪದ ಮಣ್ಣನ್ನು ದಾಟಿ ಒಳಗೆ ಬರುವ ಹೊತ್ತಿಗೆ ಹೊರಗೆ ರಾತ್ರಿಯ ತಂಗಾಳಿ ಬೀಸುತ್ತಿರುತ್ತದೆ. ಶಾಲೆಯ ಮುಖ ನೋಡದ ಗೌಂಡಿಗಳು ಕಟ್ಟಿದ ವಿಜ್ಞಾನವಿದು. ಭೂಮಿಯಿಲ್ಲದವನಿಗೆ ಇಂಥ ಮನೆಯೂ ಇರಲಿಲ್ಲವೆಂಬುದು ನಿಜ. ಅವನದು ಹುಲ್ಲಿನ ಗುಡಿಸಲು. ಆದರೆ ಹುಲ್ಲಿನ ಸೂರು ಮಳೆಗೆ ಸೋರಿದರೂ ಬೆಂಕಿಗೆ ಹೆದರಿದರೂ ಬಿಸಿಲಿಗೆ ತಗಡಿಗಿಂತ ಎಷ್ಟೋ ಮೇಲು.

ಈಗ ಸರಕಾರದ ಲೆಕ್ಕ ನೋಡಿರಿ. 2011ರ ಜನಗಣತಿಯ ವರ್ಗೀಕರಣದಲ್ಲಿ ತಗಡು ಮತ್ತು ಕಲ್ನಾರಿನ ಶೀಟು ಹೊದಿಸಿದ ಸೂರು ಶಾಶ್ವತ ಸೂರು, ಅಂದರೆ ಪಕ್ಕಾ. ಮಣ್ಣು, ಹುಲ್ಲು, ಬಿದಿರಿನ ಸೂರು ತಾತ್ಕಾಲಿಕ, ಅಂದರೆ ಕಚ್ಚಾ. ನೂರು ವರ್ಷ ನಿಂತು ನಾಲ್ಕು ತಲೆಮಾರು ಸಾಕಿದ ಮಾಳಿಗೆ ಕಚ್ಚಾ ಆಯಿತು. ಬಿರುಗಾಳಿ ಬಂದರೆ ಹಾರಿಹೋಗದಿರಲೆಂದು ಮೇಲೆ ಕಲ್ಲು ಹೇರಿದ ಪತ್ರಾಸು ಪಕ್ಕಾ ಆಯಿತು! ಈ ಲೆಕ್ಕದ ಪ್ರಕಾರ ಒಬ್ಬ ಕೂಲಿಕಾರ ತನ್ನ ಹುಲ್ಲಿನ ಸೂರು ಕಿತ್ತು ತಗಡು ಹಾಕಿದ ದಿನ ದೇಶ ಒಂದು ಮನೆಯಷ್ಟು ಮುಂದುವರಿಯಿತು. ಅವನ ಹೆಂಡತಿ ಮಕ್ಕಳು ಅಂದಿನಿಂದ ಬೇಯಲು ಮೊದಲಾದದ್ದು ಯಾವ ಕಾಲಂನಲ್ಲೂ ಬರುವುದಿಲ್ಲ. ಗುಡಿಸಲು ಮುಕ್ತ ರಾಜ್ಯ ಎಂದು ವೇದಿಕೆಯ ಮೇಲೆ ಘೋಷಿಸಿದ ಮಂತ್ರಿಗಳು ಗುಡಿಸಲಿನ ಜಾಗಕ್ಕೆ ಏನು ಬಂತೆಂದು ತಿರುಗಿ ನೋಡಿದ್ದಾರೆಯೇ?

ಸರಕಾರದ ಹಣದಿಂದ ಕಟ್ಟುವ ಮನೆಯ ಕತೆಯೂ ಬೇರೆಯಲ್ಲ. ಕೇಂದ್ರ ಸರಕಾರದ ಗ್ರಾಮೀಣ ವಸತಿ ಯೋಜನೆ 2016ರಲ್ಲಿ ಬಯಲುನಾಡಿನ ಮನೆಗೆ 1.20 ಲಕ್ಷ ರೂಪಾಯಿಯನ್ನೂ ಕನಿಷ್ಠ 25 ಚದರ ಮೀಟರು ಜಾಗವನ್ನೂ ಗೊತ್ತುಮಾಡಿತು. ರಾಜ್ಯ ಸರಕಾರ ತನ್ನ ಪಾಲು ಕೂಡಿಸಿದರೂ ಮನೆ ಮುಗಿಯುವುದರೊಳಗೆ ಫಲಾನುಭವಿ ಸಾಲಗಾರನಾಗುತ್ತಾನೆ. ಹಣ ಕಂತಿನಲ್ಲಿ ಬರುತ್ತದೆ. ಪಾಯದ ಫೋಟೋ, ಗೋಡೆಯ ಫೋಟೋ, ಸೂರಿನ ಫೋಟೋ ತೆಗೆದು ಕಳಿಸಬೇಕು. ಆ ಫೋಟೋದಲ್ಲಿ ಗೋಡೆ ಕಾಣುತ್ತದೆ, ಸೂರು ಕಾಣುತ್ತದೆ, ಸೆಕೆ ಕಾಣುವುದಿಲ್ಲ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವಂತೆ ಎದುರುಬದುರು ಕಿಟಕಿ ಇದೆಯೇ, ಮಾಳಿಗೆಯ ಮೇಲೆ ಬಿಳಿ ಇದೆಯೇ, ಪಶ್ಚಿಮದ ಗೋಡೆಗೆ ನೆರಳಿದೆಯೇ ಎಂದು ಕೇಳುವವರಿಲ್ಲ. ಕಾಸು ಸಾಲದ ಕಡೆ ಮೊದಲು ಕತ್ತರಿ ಬೀಳುವುದು ಕಿಟಕಿಗೆ. ಕೊನೆಗೆ ಸಿಗುವುದು ಒಂದು ಬಾಗಿಲು, ಒಂದು ಕಿಂಡಿ, ತಲೆಯ ಮೇಲೆ ಬರಿಯ ಕಾಂಕ್ರೀಟು.

ದೊರೆಗಳಿಗೆ ಎಂದೂ ಸೆಕೆಯಾಗಿಲ್ಲ

ಬಿಸಿಲು ಎಲ್ಲರಿಗೂ ಒಂದೇ ಎಂದು ಕೆಲವರು ಪಂಡಿತರು ಹೇಳುತ್ತಾರೆ. ಬಿಸಿಲು ಒಂದೇ ನಿಜ, ಬೇಯುವವರು ಮಾತ್ರ ಎಂದೂ ಒಬ್ಬರೇ. ವಿಜಯಪುರದ ಆದಿಲಶಾಹಿಗಳು ಕುಮಟಗಿಯಲ್ಲಿ ಕೆರೆಯ ಬಳಿ ನೀರಿನ ಮಹಲುಗಳನ್ನು ಕಟ್ಟಿಸಿ ಕಾರಂಜಿಗಳ ನಡುವೆ ಬೇಸಿಗೆ ಕಳೆದರು. ಬ್ರಿಟಿಷರು ಬಳ್ಳಾರಿಯ ತಮ್ಮ ದಂಡಿನವರಿಗಾಗಿ ಸಂಡೂರಿನ ಗುಡ್ಡದ ಮೇಲೆ ರಾಮನದುರ್ಗದಲ್ಲಿ ತಂಪು ನೆಲೆ ಮಾಡಿಕೊಂಡರು. 1864ರಿಂದ ಹಿಂದೂಸ್ಥಾನದ ಸರಕಾರವೇ ಬೇಸಿಗೆಗೆ ಸಿಮ್ಲಾಕ್ಕೆ ಗಂಟುಮೂಟೆ ಕಟ್ಟಿತು. ಕೆಳಗೆ ಬಯಲಿನಲ್ಲಿ ಉಳಿದವರು ಅವರ ಗಂಟು ಹೊತ್ತವರು, ಪಂಕಾ ಎಳೆದವರು.

ಇಂದು ಗುಡ್ಡ ಹತ್ತುವ ಶ್ರಮವಿಲ್ಲ. ಗುಡ್ಡದ ತಂಪನ್ನೇ ಗೋಡೆಗೆ ತೂಗು ಹಾಕಿಕೊಳ್ಳಬಹುದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರಕಾರಿ ಕಚೇರಿಗಳ ಹೊತ್ತನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. 2025ರಲ್ಲಿಯೂ ಹಾಗೆ ಆದೇಶವಾಯಿತು. ಗುಮಾಸ್ತರಿಗೆ ಸಿಕ್ಕ ಈ ಸವಲತ್ತಿಗೆ ನಮ್ಮ ಆಕ್ಷೇಪವಿಲ್ಲ, ಅವರೂ ಮನುಷ್ಯರೇ. ಆದರೆ ಆ ಆದೇಶಕ್ಕೆ ಸಹಿ ಹಾಕಿದ ಕೈ ನಮ್ಮ ಸೀಮೆಯ ಬಿಸಿಲು ಸಹಿಸಲಾರದ್ದು ಎಂದು ಬರಹದಲ್ಲಿ ಒಪ್ಪಿಕೊಂಡಂತಾಯಿತಲ್ಲವೇ? ಹಾಗಾದರೆ 1.30ಕ್ಕೆ ಕಚೇರಿ ಬಿಟ್ಟವರು ಹೋಗುವ ಮನೆಗೂ ಗಾರೆ ಕೆಲಸದವನು, ಕಲ್ಲುಗಣಿಯವನು, ಹಮಾಲಿ ಹೋಗುವ ಮನೆಗೂ ಇರುವ ಅಂತರ ಆ ಕೈಗೆ ಕಾಣದೆ ಹೋದದ್ದು ಹೇಗೆ?

ವಿದ್ಯುತ್ತಿನ ಮಾತು ಕೇಳಿರಿ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಲ್ಲಿ ಶುರುವಾಯಿತು. ಅದರ ಸ್ಥಾಪಿತ ಸಾಮರ್ಥ್ಯ 1720 ಮೆಗಾವಾಟು. ಬಳ್ಳಾರಿಯ ಕುಡತಿನಿಯಲ್ಲಿ 1700 ಮೆಗಾವಾಟಿನ ಇನ್ನೊಂದು ಇದೆ. ಕಲ್ಲಿದ್ದಲಿನ ಬೂದಿ ನಮ್ಮ ಹೊಲಕ್ಕೆ, ಹೊಗೆ ನಮ್ಮ ಎದೆಗೆ, ಕರೆಂಟು ಇಡೀ ನಾಡಿಗೆ. ಒಂದು ಸಾಧಾರಣ ಸೀಲಿಂಗ್ ಫ್ಯಾನು 75 ವಾಟು ತಿನ್ನುತ್ತದೆ. ಒಂದೂವರೆ ಟನ್ನಿನ ಏರ್‌ಕಂಡೀಷನರು ಸುಮಾರು 1500 ವಾಟು. ಒಬ್ಬರ ಖೋಲಿ ತಂಪಾಗಲು ಇಪ್ಪತ್ತು ಮನೆಯ ಫ್ಯಾನಿನ ಕರೆಂಟು! ಅಷ್ಟೇ ಅಲ್ಲ, ಆ ಯಂತ್ರ ಒಳಗಿನ ಬಿಸಿಯನ್ನು ನುಂಗಿಬಿಡುವುದಿಲ್ಲ, ಹೊರಗೆ ಓಣಿಗೆ ಉಗುಳುತ್ತದೆ. ತಂಪು ಅವರ ಮನೆಗೆ, ಬಿಸಿ ಪಕ್ಕದವನ ಕಿಟಕಿಗೆ. 2023ರಿಂದ ರಾಜ್ಯ ಸರಕಾರ ಮನೆಗೆ 200 ಯೂನಿಟ್ಟಿನ ಒಳಗೆ ಉಚಿತ ವಿದ್ಯುತ್ತು ಕೊಡುತ್ತಿದೆ. ಒಳ್ಳೆಯದೇ. ಆದರೆ ಪತ್ರಾಸಿನ ಕೆಳಗೆ ಉಚಿತ ಫ್ಯಾನು ಮಾಡುವುದೇನು? ಕಾದ ಗಾಳಿಯನ್ನು ಪುಕ್ಕಟೆಯಾಗಿ ತಿರುವುತ್ತದೆ. ಒಲೆಯ ಮೇಲಿನ ಸಾರನ್ನು ಸೌಟಿನಿಂದ ಕಲಕಿದರೆ ತಣ್ಣಗಾದೀತೇ?

ನಮ್ಮ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಲ್ಲಿ ಹತ್ತು ಹದಿನೈದು ಅಂತಸ್ತಿನ ಮನೆಗಳನ್ನು ಕಟ್ಟಿ, ಕಟ್ಟಿದವರು ಬದಿಯಲ್ಲಿನ ತಗಡಿನ ಸಾಲುಮನೆಗಳಲ್ಲಿ ಮಲಗುತ್ತಾರೆ. ಕಟ್ಟಡ ಕೆಲಸಗಾರರಿಗೆ ಮಾಲೀಕನೇ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಾಯಿದೆ ಹೇಳಿತು. ವಸತಿ ಎಂದಿತು, ಅದರ ಸೂರು ಮನುಷ್ಯನಿಗೆ ತಕ್ಕದ್ದಾಗಿರಲಿ ಎಂದು ಒತ್ತಾಯಿಸುವವರು ಇಲ್ಲವಾದರು.

ಹೆಣ್ಣಿನ ಪಾಲಿಗೆ ಇಮ್ಮಡಿ

ಮನೆ ಕಾದಾಗ ಗಂಡಸು ಕಟ್ಟೆಗೆ ಹೋಗುತ್ತಾನೆ, ಮರದಡಿ ಕೂಡುತ್ತಾನೆ, ರಾತ್ರಿ ಗುಡಿಯ ಮುಂದೆ ಚಾದರ ಹಾಸುತ್ತಾನೆ. ಹೆಂಗಸು ಎಲ್ಲಿಗೆ ಹೋಗಬೇಕು? ಅದೇ ಪತ್ರಾಸಿನ ಕೆಳಗೆ ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು. ಮೇಲೆ ಒಂದು ಹಂಚು, ಕೆಳಗೆ ಒಂದು ಹಂಚು, ನಡುವೆ ಅವಳು. ಹೊರಗೆ ಮಲಗಲು ಮಾನದ ಭಯ, ಬಾಗಿಲು ತೆರೆದು ಮಲಗಲು ಕಳ್ಳಕಾಕರ ಭಯ. ಹೆರಿಗೆಯಾದ ಹೆಂಗಸು ತಿಂಗಳುಗಟ್ಟಲೆ ಒಳಗೇ ಇರಬೇಕೆಂಬ ಕಟ್ಟಳೆ. ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿರಿ ಎಂಬ ಸಲಹೆ ಬಹಳ ಸೊಗಸಾಗಿದೆ. ನಮ್ಮದು ಒಣ ಹವೆ, ಒದ್ದೆ ತಟ್ಟಿನಿಂದ ತಂಪು ನಿಶ್ಚಯವಾಗಿಯೂ ಬರುತ್ತದೆ. ಆದರೆ ತಟ್ಟು ನೆನೆಸಲು ನೀರು ಯಾರು ತರಬೇಕು? ನಲ್ಲಿಗೆ ನೀರು ಯಾವಾಗ ಬಂದೀತೆಂದು ಕೊಡ ಸಾಲಿಗಿಟ್ಟು ಕಾಯುವ ಊರಿನಲ್ಲಿ ಬಾಗಿಲಿಗೆ ಸುರಿಯುವ ಒಂದೊಂದು ಕೊಡವೂ ಅವಳ ಸೊಂಟದ ಮೇಲಿಂದ ಬರಬೇಕು. ಸಲಹೆ ಬರೆದವರ ಮನೆಯಲ್ಲಿ ನೀರು ಹೊರುವವರು ಯಾರೆಂದು ತಿಳಿಯಬೇಕಾಗಿದೆ.

ಎದುರುವಾದಿಗಳಿಗೆ ಉತ್ತರ

ಜನರೇ ಕಾಂಕ್ರೀಟು ಕೇಳಿದರು, ಮಣ್ಣಿನ ಮನೆ ಯಾರಿಗೆ ಬೇಕು ಎಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ, ನಾವು ಅದನ್ನು ಮುಚ್ಚಿಡುವುದಿಲ್ಲ. ಮಣ್ಣಿನ ಮಾಳಿಗೆಗೆ ವರ್ಷವರ್ಷ ಮಣ್ಣು ಹೊರಬೇಕು, ತೊಲೆಗೆ ಇಂದು ಮರ ಸಿಗುವುದಿಲ್ಲ, ಚೇಳು ಹಾವಿನ ಕಾಟವಿದೆ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿದಾಗ ಕಲಬುರಗಿ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಕುಸಿದುಬಿದ್ದುದನ್ನು ನಾವು ಮರೆತಿಲ್ಲ. ಸೋರದ, ಕುಸಿಯದ ಸೂರು ಬೇಕೆಂದು ಬಡವ ಕೇಳಿದ್ದು ನ್ಯಾಯವಾಗಿಯೇ ಇದೆ. ಬಡವರೆಲ್ಲ ಮಣ್ಣಿನ ಮನೆಗೆ ಹಿಂದಿರುಗಿ ಸಂಸ್ಕೃತಿ ಉಳಿಸಲಿ ಎಂದು ಪಟ್ಟಣದ ಬಂಗಲೆಯಲ್ಲಿ ಕುಳಿತು ಹಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಮಳೆಗೆ ಗಟ್ಟಿ, ಬಿಸಿಲಿಗೆ ತಂಪು, ಎರಡೂ ಒಟ್ಟಿಗೆ ಇರಬಹುದಾದಾಗ ಒಂದನ್ನು ಕೊಟ್ಟು ಒಂದನ್ನು ಕಸಿದುಕೊಂಡದ್ದು ಏಕೆ? ನಮ್ಮ ಪ್ರಶ್ನೆ ಇಷ್ಟೇ.

ಎರಡೂ ಇರಬಹುದೆಂಬುದು ಕನಸಿನ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿಯೇ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಾಗಿ ವಿಜ್ಞಾನ ಎಂಬುದು ಅದರ ಧ್ಯೇಯ. ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕ್ರಮವನ್ನು ಅಲ್ಲಿಯವರು ಬೆಳೆಸಿದರು. ಕೇರಳದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಕಾಂಕ್ರೀಟು ಮಾಳಿಗೆಯೊಳಗೆ ಹಳೆಯ ಹೆಂಚುಗಳನ್ನು ಹುದುಗಿಸಿ ಸಿಮೆಂಟನ್ನೂ ಉಳಿಸಿದರು, ಬಿಸಿಯನ್ನೂ ತಗ್ಗಿಸಿದರು. ಇಟ್ಟಿಗೆಯನ್ನು ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಗೋಡೆಯಿಂದ ನಾಲ್ಕರಲ್ಲಿ ಒಂದು ಪಾಲು ಇಟ್ಟಿಗೆ ಉಳಿಯಿತು. ವಿದ್ಯೆ ಇಲ್ಲದೆ ನಮ್ಮ ಮನೆ ಕಾದಿಲ್ಲ. ವಿದ್ಯೆ ಬೆಂಗಳೂರಿನಲ್ಲಿದೆ, ಅಂದಾಜು ಪಟ್ಟಿ ತಾಲ್ಲೂಕು ಕಚೇರಿಯಲ್ಲಿದೆ, ಅವೆರಡರ ನಡುವೆ ಐವತ್ತು ವರ್ಷಗಳಲ್ಲಿ ಸರಿಯಾದ ದಾರಿ ಹಾಕಲಾಗಲಿಲ್ಲ.

ಹಣವಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಸುಣ್ಣಕ್ಕೆ ಎಷ್ಟು ಹಣ ಬೇಕು ಸ್ವಾಮಿ? ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ವಾಡಿಕೆಗಿಂತ 1344 ಮಂದಿ ಹೆಚ್ಚು ಸತ್ತರು. ಅಷ್ಟು ಹೆಣ ಬಿದ್ದ ಮೇಲೆ 2013ರಲ್ಲಿ ಅಲ್ಲಿನ ನಗರಸಭೆ ಬಿಸಿಲಿಗೆ ಒಂದು ಕಾರ್ಯಯೋಜನೆ ಮಾಡಿತು. ಆಮೇಲೆ ಬಡವರ ಕೇರಿಗಳ ಸೂರಿಗೆ ಬಿಳಿ ಬಳಿಯುವ ಕೆಲಸವೂ ಆರಂಭವಾಯಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿಯನ್ನೇ ಜಾರಿಗೆ ತಂದಿತು. ಸರಕಾರಿ ಕಟ್ಟಡಗಳಿಗೂ ವಾಣಿಜ್ಯ ಕಟ್ಟಡಗಳಿಗೂ 600 ಚದರ ಗಜ ಹಾಗೂ ಮೇಲ್ಪಟ್ಟ ನಿವೇಶನದ ಮನೆಗಳಿಗೂ ಅದನ್ನು ಕಡ್ಡಾಯ ಮಾಡಿತು. ಸಣ್ಣ ಮನೆಗಳಿಗೆ ಐಚ್ಛಿಕವೆಂದಿತು. ಅಲ್ಲಿಯೂ ಬಡವನ ಸೂರು ಅವನ ಇಚ್ಛೆಗೆ ಬಿದ್ದಿತು. ಬಡವನಿಗೆ ಇಚ್ಛೆ ಇಲ್ಲವೆ? ಸುಣ್ಣ ಕೊಡಿರಿ, ಇಚ್ಛೆ ತಾನಾಗಿ ಕಾಣುತ್ತದೆ. ಅಷ್ಟಾದರೂ ಮಾಡಿದ್ದಾರೆಂದು ಒಪ್ಪೋಣ. 1956ರವರೆಗೆ ಹೈದರಾಬಾದು ಸಂಸ್ಥಾನದ ಒಂದೇ ಬಿಸಿಲನ್ನು ಹಂಚಿಕೊಂಡಿದ್ದ ರಾಯಚೂರು, ಕಲಬುರಗಿ, ಬೀದರಗಳ ಜನಕ್ಕೆ ಗಡಿಯಾಚೆಯ ಈ ಸುದ್ದಿ ಕೇಳಿ ಏನನ್ನಿಸಬೇಕು? ನಮಗೂ 371ಜೆ ಕಲಮು ಬಂದಿದೆ, ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಕೋಟಿಗಟ್ಟಲೆ ಅನುದಾನವಿದೆ. ಆ ಕೋಟಿಗಳಲ್ಲಿ ಸುಣ್ಣದ ಡಬ್ಬಿಗೆ ಜಾಗವಿಲ್ಲವೆಂದರೆ ಯಾರು ನಂಬಬೇಕು?

ನಮ್ಮ ಕೈಯಲ್ಲಿರುವುದು

ಸರಕಾರ ಏಳುವ ತನಕ ನಾವು ಬೇಯುತ್ತ ಕೂಡಬೇಕಾಗಿಲ್ಲ. ಕಾಂಕ್ರೀಟು ಮಾಳಿಗೆ ಅಥವಾ ಶಹಾಬಾದಿ ಕಲ್ಲಿನ ಸೂರು ಇರುವವರು ಹೋಳಿಹುಣ್ಣಿಮೆಯಿಂದ ಯುಗಾದಿಯ ಒಳಗೆ ಮೇಲಿನ ಕಸ ಧೂಳು ಗುಡಿಸಿ ತೊಳೆದು ಸುಣ್ಣ ಬಳಿಯಬೇಕು. ಸುಣ್ಣವನ್ನು ಹಿಂದಿನ ರಾತ್ರಿ ನೆನೆಸಿ, ಸೋಸಿ, ಹಿಡಿತಕ್ಕೆ ಅಂಟು ಬೆರೆಸಿ, ಒಂದು ಸಲ ಒಣಗಿದ ಮೇಲೆ ಇನ್ನೊಂದು ಸಲ, ಹೀಗೆ ಎರಡು ಮೂರು ಕೈ ಹಾಕಬೇಕು. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಬಿಳಿಯ ಮೈ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಆಕಾಶಕ್ಕೇ ತಿರುಗಿಸಿ ಕಳಿಸುತ್ತದೆ. ಒಳಗೆ ಎರಡರಿಂದ ಐದು ಡಿಗ್ರಿಯವರೆಗೆ ಇಳಿಯುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಮರುವರ್ಷ ಮತ್ತೆ ಬಳಿಯಬೇಕು.

ಪತ್ರಾಸಿಗೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಬಿಳಿ ಬಣ್ಣ ಬೇಕು, ಇಲ್ಲವೆ ನೆರಳು ಬೇಕು. ತೊಗರಿ ಕಟ್ಟಿಗೆಯ ತಟ್ಟಿ ಹೆಣೆದು ತಗಡಿನ ಮೇಲೆ ಒಂದು ಮೊಳ ಎತ್ತರದಲ್ಲಿ ಹಂದರ ಹಾಕಿದರೆ ಬಿಸಿಲು ತಟ್ಟಿಗೆ ಬೀಳುತ್ತದೆ, ನಡುವೆ ಗಾಳಿ ಆಡುತ್ತದೆ, ತಗಡು ತಣ್ಣಗಿರುತ್ತದೆ. ಉಷ್ಣಮಾಪಕದ ಪೆಟ್ಟಿಗೆಯ ಗುಟ್ಟು ಇದೇ. ಒಲೆಯ ಹೊಗೆ ಹೋಗುವ ಕಡೆ ಮಾತ್ರ ಒಣ ತಟ್ಟಿ ಹಾಕಬಾರದು, ಕಿಡಿ ಹತ್ತೀತು. ಕಿಟಕಿ ಬಾಗಿಲು ರಾತ್ರಿಯಿಂದ ಮುಂಜಾನೆಯವರೆಗೆ ತೆರೆದು, ಹೊರಗೆ ಕಾಯತೊಡಗಿದ ಕೂಡಲೆ ಮುಚ್ಚಿ ಮತ್ತೆ ಸಂಜೆ ತೆರೆಯಬೇಕು. ಈ ಮಾತು ದಪ್ಪ ಗೋಡೆಯ ಮನೆಗೆ. ಪತ್ರಾಸಿನವರು ಹಗಲಲ್ಲೂ ತೆರೆದೇ ಇಡಬೇಕು, ಇಲ್ಲದಿದ್ದರೆ ಒಳಗಿನ ಬಿಸಿ ಹೋಗುವುದೆಲ್ಲಿಗೆ? ಪಶ್ಚಿಮದ ಗೋಡೆಗೆ ಒಂದು ಬೇವು, ಒಂದು ನುಗ್ಗೆ ಹಚ್ಚಿರಿ. ಇಂಥ ಕೆಲಸವನ್ನು ಮನೆಗೊಬ್ಬರಂತೆ ಸೇರಿ ಓಣಿಯೇ ಒಟ್ಟಾಗಿ ಮಾಡಿದರೆ ಎರಡು ಭಾನುವಾರಗಳಲ್ಲಿ ಮುಗಿಯುತ್ತದೆ. ವಿಧವೆಯ ಮನೆಯ ಮಾಳಿಗೆಗೆ ಏಣಿ ಹಾಕುವವರಿಲ್ಲದಿದ್ದರೆ ಹುಡುಗರು ಹಾಕಲಿ.

ನಮ್ಮ ಕೇಳಿಕೆ

ಆದರೆ ಕೈಕೆಲಸ ಸರಕಾರದ ಹೊಣೆಯನ್ನು ತೀರಿಸುವುದಿಲ್ಲ. ನಾವು ಕೇಳುವುದು ದಾನವಲ್ಲ. ಒಂದು, ಸರಕಾರದ ಹಣದಿಂದ ಏಳುವ ಯಾವ ಮನೆಗೂ, ಅಂಗನವಾಡಿಗೂ, ಶಾಲೆಗೂ ಹೊದಿಕೆಯಿಲ್ಲದ ತಗಡು ಅಥವಾ ಬರಿಯ ಕಾಂಕ್ರೀಟಿನ ಸೂರು ಇರಕೂಡದು. ಸೂರಿನ ತಂಪು ಮತ್ತು ಎದುರುಬದುರು ಕಿಟಕಿ ಅಂದಾಜು ಪಟ್ಟಿಯಲ್ಲೇ ಸೇರಬೇಕು, ಅದಕ್ಕೆ ತಕ್ಕ ಹಣವೂ ಸೇರಬೇಕು. ಎರಡು, ಪ್ರತಿವರ್ಷ ಯುಗಾದಿಗೆ ಮುನ್ನ ಗ್ರಾಮ ಪಂಚಾಯಿತಿಯೂ ನಗರಸಭೆಯೂ ಬಡವರ ಪ್ರತಿಯೊಂದು ಸೂರಿಗೆ ಸುಣ್ಣವನ್ನೋ ಬಣ್ಣವನ್ನೋ ಬಳಿಯುವವನ ಕೂಲಿಯನ್ನೂ ಕೊಡಬೇಕು. ಮೂರು, ಗಟ್ಟಿಯಾದ ಮಾಳಿಗೆ ಮನೆಯನ್ನು ಕಚ್ಚಾ ಎಂದು ಕೆಡವಿಸುವ ಬದಲು ದುರಸ್ತಿಗೆ ನೆರವು ಕೊಡಬೇಕು. ನಾಲ್ಕು, ಕೇರಿಗೆ ನಿವೇಶನ ಹಂಚುವಾಗ ಮರಕ್ಕೂ ನೀರಿಗೂ ಮೊದಲು ಜಾಗ ಬಿಡಬೇಕು. ಐದು, ಪ್ರತಿ ಬೇಸಿಗೆ ಪತ್ರಾಸಿನ ಮನೆಗಳ ಒಳಗೆ ಉಷ್ಣಮಾಪಕವಿಟ್ಟು ಬಂದ ಅಂಕಿಯನ್ನು ಊರಿಗೆ ತಿಳಿಸಬೇಕು. ಅಳೆಯದ ಕಷ್ಟಕ್ಕೆ ಅನುದಾನ ಬರುವುದಿಲ್ಲ.

ಈ ಐದರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಾಗಿಲ್ಲ. ಸುಣ್ಣ ಹಳೆಯದು, ನೆರಳು ಹಳೆಯದು. ಪಂಚಾಯಿತಿಯ ಸದಸ್ಯರು, ಶಾಸಕರು ಓಟಿಗಾಗಿ ನಮ್ಮ ಓಣಿಗೆ ಬರುವುದು ಸಂಜೆಯ ತಂಪಿನಲ್ಲಿ. ಈ ಸಲ ಅವರನ್ನು ಮಧ್ಯಾಹ್ನ 2 ಗಂಟೆಗೆ ಕರೆಯಿರಿ. ಚಹಾ ಕೊಡಿರಿ, ಪತ್ರಾಸಿನ ಕೆಳಗೆ ಚಾಪೆ ಹಾಸಿ ಕೂಡಿಸಿರಿ, ಈ ಐದು ಕೇಳಿಕೆಗಳನ್ನು ನಿಧಾನವಾಗಿ, ಒಂದೊಂದನ್ನೇ ಓದಿ ಹೇಳಿರಿ. ಐದನೆಯದು ಮುಗಿಯುವ ತನಕ ಎದ್ದುಹೋಗಲು ಬಿಡಬೇಡಿರಿ.